ಬಿಸಿಲಿಗೆ ಯಾವುದು ಒಳ್ಳೆಯದು: ಮಜ್ಜಿಗೆಯೋ, ಎಳನೀರೋ, ಪಾನಕವೋ?

ಏಪ್ರಿಲ್ ಮಧ್ಯಾಹ್ನ ಯಾರಾದರೂ ಬಿಸಿಲಲ್ಲಿ ನಡೆದುಕೊಂಡು ಮನೆಗೆ ಬಂದರೆ ನಮ್ಮಲ್ಲಿ ಮೂರು ಜನರ ಕೈ ಮೂರು ಕಡೆ ಹೋಗುತ್ತದೆ. ಅಮ್ಮ ಗುಬ್ಬಿ ಕಡೆಯವರು, ಅವರ ಕೈ ಮಜ್ಜಿಗೆ ಪಾತ್ರೆಗೆ. ನನ್ನ ಹೆಂಡತಿ ಶಿರಸಿಯವಳು, ಅವಳು ಒಣಗಿಸಿಟ್ಟ ಮುರುಗಲು (ಪುನರ್ಪುಳಿ, ಅಂದರೆ ಕೋಕಂ) ಸಿಪ್ಪೆಯ ಡಬ್ಬಿ ತೆಗೆಯುತ್ತಾಳೆ. ನಾನು ನಾಲ್ಕು ಬೇಸಿಗೆ ಕಲಬುರಗಿಯಲ್ಲಿ ಕೆಲಸ ಮಾಡಿದವನು. ನನಗೆ ಅಂಬಲಿಯೇ ನೆನಪಾಗುತ್ತದೆ. ಯಾವುದು ಒಳ್ಳೆಯದು ಅಂತ ಮೂವರೂ ಎಷ್ಟೋ ಸಲ ವಾದ ಮಾಡಿದ್ದೇವೆ. ಕೊನೆಗೆ ನನಗೆ ಅನ್ನಿಸಿದ್ದು ಇಷ್ಟು: ಪಾನೀಯ ನೋಡಿ ಆರಿಸಬಾರದು, ಬಂದವರನ್ನು ನೋಡಿ ಆರಿಸಬೇಕು. ಅವರು ಎಷ್ಟು ಬೆವರಿದ್ದಾರೆ, ಊಟ ಮಾಡಿದ್ದಾರಾ, ಶುಗರ್ ಇದೆಯಾ, ವಯಸ್ಸೆಷ್ಟು? ಇದು ಗೊತ್ತಾದರೆ ಏನು ಕೊಡಬೇಕು ಅನ್ನುವುದು ತಾನಾಗಿಯೇ ಗೊತ್ತಾಗುತ್ತದೆ.

ಮೊದಲು ಬೆವರಿನ ಲೆಕ್ಕ

ಬೆವರಿನಲ್ಲಿ ಹೋಗುವುದು ಮುಖ್ಯವಾಗಿ ಎರಡು, ನೀರು ಮತ್ತು ಉಪ್ಪು. ಫ್ಯಾನ್ ಕೆಳಗೆ ಕೂತು ಕೆಲಸ ಮಾಡುವವರಿಗೆ ಎರಡೂ ಅಷ್ಟೇನೂ ಹೋಗುವುದಿಲ್ಲ. ಅವರಿಗೆ ಮಡಕೆ ನೀರೇ ಸಾಕು. ಹೋದ ಉಪ್ಪು ಸಾರು, ಪಲ್ಯ, ಉಪ್ಪಿನಕಾಯಿಯಲ್ಲಿ ವಾಪಸ್ ಬಂದುಬಿಡುತ್ತದೆ. ಆದರೆ ಗದ್ದೆಯಲ್ಲಿ, ರಸ್ತೆ ಕೆಲಸದಲ್ಲಿ, ಕಟ್ಟಡದ ಮೇಲೆ ದುಡಿಯುವವರ ಕಥೆ ಬೇರೆ. ಸುಡುಬಿಸಿಲಲ್ಲಿ ಮೈಮುರಿದು ಕೆಲಸ ಮಾಡಿದರೆ ಗಂಟೆಗೆ ಒಂದು ಲೀಟರ್ ಬೆವರು ಹೋಗಬಹುದು. ಅಂಥವರು ಬರೀ ನೀರನ್ನೇ ಕುಡಿಯುತ್ತಾ ಹೋದರೆ ರಕ್ತದಲ್ಲಿ ಸೋಡಿಯಂ ತೆಳುವಾಗುತ್ತದೆ. ತಲೆನೋವು, ವಾಕರಿಕೆ, ಸುಸ್ತು ಶುರುವಾಗುತ್ತದೆ. "ಇಷ್ಟು ನೀರು ಕುಡಿದರೂ ಸುಸ್ತು ಹೋಗಲ್ಲ" ಅಂತ ಹೇಳುವವರನ್ನು ನೀವೂ ನೋಡಿರಬಹುದು. ಅವರಿಗೆ ಬೇಕಿರುವುದು ಇನ್ನೊಂದು ಚೊಂಬು ನೀರಲ್ಲ, ಒಂದು ಚಿಟಿಕೆ ಉಪ್ಪು.

ಸಕ್ಕರೆಗೂ ಇಲ್ಲಿ ಒಂದು ಪಾತ್ರ ಇದೆ. ಸಣ್ಣ ಕರುಳಿನಲ್ಲಿ ಸೋಡಿಯಂ ಮತ್ತು ಗ್ಲೂಕೋಸ್ ಒಂದೇ ಬಾಗಿಲಿನಿಂದ ಜೊತೆಯಾಗಿ ಒಳಗೆ ಹೋಗುತ್ತವೆ. ಅವುಗಳ ಬೆನ್ನಿಗೇ ನೀರೂ ಹೋಗುತ್ತದೆ. ಹಾಗಾಗಿ ಸ್ವಲ್ಪ ಸಕ್ಕರೆ, ಸ್ವಲ್ಪ ಉಪ್ಪು ಸೇರಿದ ನೀರು ಬೇಗ ಮೈಗೆ ಹತ್ತುತ್ತದೆ. ಆದರೆ ಸಕ್ಕರೆ ತೀರಾ ಜಾಸ್ತಿಯಾದರೆ ಉಲ್ಟಾ ಆಗುತ್ತದೆ, ಮೈಯೊಳಗಿನ ನೀರೇ ಕರುಳಿನ ಕಡೆ ಬರುತ್ತದೆ. ಆದ್ದರಿಂದ ಯಾವ ಪಾನೀಯ ಕಂಡರೂ ನಾನು ಕೇಳುವುದು ಮೂರೇ ಪ್ರಶ್ನೆ. ಇದರಲ್ಲಿ ಉಪ್ಪಿದೆಯಾ? ಸಕ್ಕರೆ ಎಷ್ಟಿದೆ? ಹೊಟ್ಟೆಗೆ ಆಧಾರ ಆಗುತ್ತದಾ?

"ತಂಪು" ಅನ್ನುವ ಮಾತನ್ನು ನಾವು ಎಲ್ಲದಕ್ಕೂ ಬಳಸುತ್ತೇವೆ. ಐಸ್ ಹಾಕಿದ ಶರಬತ್ತೂ ತಂಪು, ಎಳನೀರೂ ತಂಪು. ಬಾಯಿಗೆ ತಂಪಾಗುವುದೇ ಬೇರೆ, ಮೈಗೆ ನೀರು ಸೇರುವುದೇ ಬೇರೆ ಅನ್ನುವುದು ನೆನಪಿರಲಿ.

ನೀರು ಮಜ್ಜಿಗೆ

ಒಂದೇ ಒಂದನ್ನು ಆರಿಸು ಅಂದರೆ ನಾನು ಮಜ್ಜಿಗೆಯನ್ನೇ ಆರಿಸುತ್ತೇನೆ. ಅದರಲ್ಲಿ ನೀರಿದೆ, ಉಪ್ಪಿದೆ, ಸಕ್ಕರೆ ಕಡಿಮೆ, ಸ್ವಲ್ಪ ಪ್ರೋಟೀನೂ ಇದೆ. ಬಡವರ ಮನೆಯಲ್ಲೂ ಸಿಗುತ್ತದೆ. ಶುಗರ್ ಇರುವವರೂ ಧೈರ್ಯವಾಗಿ ಕುಡಿಯಬಹುದು. ಹಾಲಿನಲ್ಲಿರುವ ಲ್ಯಾಕ್ಟೋಸ್‌ನ ಒಂದು ಪಾಲು ಮೊಸರು ಹೆಪ್ಪಾಗುವಾಗಲೇ ಹುಳಿಯಾಗಿ ಬದಲಾಗಿರುತ್ತದೆ. ಅದಕ್ಕೇ ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವ ಅನೇಕರಿಗೆ ಮಜ್ಜಿಗೆ ಒಗ್ಗುತ್ತದೆ.

2016ರಲ್ಲಿ ಬ್ರಿಟನ್‌ನಲ್ಲಿ ಒಂದು ಅಧ್ಯಯನ ನಡೆಯಿತು. 72 ಗಂಡಸರಿಗೆ ಹದಿಮೂರು ಬಗೆಯ ಪಾನೀಯ ಕೊಟ್ಟು, ಯಾವುದು ಮೈಯಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ ಅಂತ ಅಳೆದರು. ಹಾಲು ಮತ್ತು ಓಆರ್‌ಎಸ್ (ವಾಂತಿ ಭೇದಿಗೆ ಕೊಡುವ ಉಪ್ಪು, ಗ್ಲೂಕೋಸ್ ಬೆರೆಸಿದ ನೀರು) ಬರೀ ನೀರಿಗಿಂತ ಮುಂದೆ ಬಂದವು. ಟೀ, ಕಾಫಿ, ಕೋಲಾ ನೀರಿನಷ್ಟೇ. ಕಾಫಿ ಕುಡಿದರೆ ಮೈ ಒಣಗುತ್ತದೆ ಅನ್ನುವ ಭಯ ಅಷ್ಟು ನಿಜವಲ್ಲ ಅಂತಾಯಿತು. ಹಾಲು ಹೊಟ್ಟೆಯಿಂದ ನಿಧಾನವಾಗಿ ಇಳಿಯುತ್ತದೆ, ಅದರಲ್ಲಿ ಸೋಡಿಯಂ, ಪೊಟ್ಯಾಸಿಯಂ ಇವೆ. ಅದಕ್ಕೇ ಅದು ನಿಲ್ಲುತ್ತದೆ. ಮಜ್ಜಿಗೆಯನ್ನು ಅವರು ಪರೀಕ್ಷಿಸಿರಲಿಲ್ಲ. ಆದರೆ ಮಜ್ಜಿಗೆಯೂ ಹಾಲಿನ ಮಗುವೇ ಅಲ್ವಾ? ನೀರು ಬೆರೆಸಿ ತೆಳುವಾದದ್ದನ್ನು ಉಪ್ಪು ಸ್ವಲ್ಪ ಮಟ್ಟಿಗೆ ಸರಿದೂಗಿಸಬಹುದು.

ಅಳತೆ ಹೀಗೆ. ಒಂದು ಲೋಟ ಮೊಸರಿಗೆ ನಾಲ್ಕೈದು ಲೋಟ ನೀರು. ಚೆನ್ನಾಗಿ ಕಡೆದು ಬೆಣ್ಣೆ ತೆಗೆದರೆ ಇನ್ನೂ ಹಗುರ. ಲೀಟರಿಗೆ ಅರ್ಧ ಟೀ ಚಮಚ ಉಪ್ಪು ಹಾಕಿದರೆ ಬೆವರಿನಲ್ಲಿ ಹೋದದ್ದರ ಹತ್ತಿರಕ್ಕೆ ಬರುತ್ತದೆ. ಬಿಸಿಲಿಗೆ ಹೋಗದವರಿಗೆ ಅದರ ಅರ್ಧ ಸಾಕು. ಉಳಿದದ್ದು ಊರಿಂದ ಊರಿಗೆ ಬದಲಾಗುತ್ತದೆ. ನಮ್ಮ ಕಡೆ ಇಂಗು, ಕರಿಬೇವು, ಜಜ್ಜಿದ ಹಸಿಶುಂಠಿ, ಕೊತ್ತಂಬರಿ ಸೊಪ್ಪು. ಕಲಬುರಗಿಯಲ್ಲಿ ನಾನಿದ್ದ ಮನೆಯ ಅಜ್ಜಿ ಜೀರಿಗೆ, ಹಸಿಮೆಣಸಿನಕಾಯಿ, ಬೆಳ್ಳುಳ್ಳಿ ಕುಟ್ಟಿ ಹಾಕುತ್ತಿದ್ದರು. "ಮಜ್ಜಿಗಿ ಕುಡುದು ಹೋಗ್ರಿ" ಅಂತ ಬಾಗಿಲಲ್ಲೇ ನಿಲ್ಲಿಸಿ ಕೊಡುತ್ತಿದ್ದರು. ಮಧ್ಯಾಹ್ನ ಒಂದು ಗಂಟೆಗೆ 42 ಡಿಗ್ರಿಯಲ್ಲಿ ಬಸ್ ನಿಲ್ದಾಣಕ್ಕೆ ನಡೆಯುವಾಗ ಆ ಲೋಟದ ಬೆಲೆ ಗೊತ್ತಾಗುತ್ತಿತ್ತು.

ಮಜ್ಜಿಗೆಗೆ ಒಂದೇ ತೊಂದರೆ, ಬೇಗ ಹುಳಿಯಾಗುತ್ತದೆ. ಬೆಳಿಗ್ಗೆ ಬಾಟಲಿಯಲ್ಲಿ ತುಂಬಿಸಿಕೊಂಡದ್ದು ಮಧ್ಯಾಹ್ನಕ್ಕೆ ಬಾಯಿಗಿಡಲು ಆಗುವುದಿಲ್ಲ. ಹಿಂದೆ ಹೊಲಕ್ಕೆ ಹೋಗುವವರು ಒಣಗಿದ ಸೋರೆಬುರುಡೆಯಲ್ಲಿ ಒಯ್ಯುತ್ತಿದ್ದರು, ಅದರಲ್ಲಿ ತಣ್ಣಗಿರುತ್ತಿತ್ತು. ಈಗ ನಾನು ಮಾಡುವುದು ಇಷ್ಟು: ಗಟ್ಟಿ ಮೊಸರನ್ನು ಉಪ್ಪಿನ ಜೊತೆ ಸಣ್ಣ ಡಬ್ಬಿಯಲ್ಲಿ ಒಯ್ದು, ಕುಡಿಯುವ ಹೊತ್ತಿಗೆ ನೀರು ಬೆರೆಸುತ್ತೇನೆ. ಅದೂ ಆಗದಿದ್ದರೆ ನಂದಿನಿ ಬೂತಿನ ಮಸಾಲ ಮಜ್ಜಿಗೆ ಪ್ಯಾಕೆಟ್ ಇದ್ದೇ ಇದೆ.

ಎಳನೀರಿನ ಬಗ್ಗೆ ಒಂದು ತಪ್ಪು ತಿಳಿವಳಿಕೆ

ಎಳನೀರು ಅಂದರೆ ಪ್ರಕೃತಿ ಕೊಟ್ಟ ಗ್ಲೂಕೋಸ್ ಬಾಟಲಿ, ಸುಸ್ತಿಗೆಲ್ಲ ಅದೇ ಮದ್ದು ಅನ್ನುತ್ತಾರೆ. ತೆಂಗಿನ ಸೀಮೆಯಲ್ಲಿ ಹುಟ್ಟಿದ ನನಗೂ ಅದರ ಮೇಲೆ ಪ್ರೀತಿ ಇದೆ. ಆದರೂ ಒಂದು ಮಾತು ಹೇಳಲೇಬೇಕು. ಎಳನೀರಿನಲ್ಲಿ ಪೊಟ್ಯಾಸಿಯಂ ತುಂಬಾ ಇದೆ, ಸೋಡಿಯಂ ಅದಕ್ಕೆ ಹೋಲಿಸಿದರೆ ಕಡಿಮೆ. ಬೆವರಿನಲ್ಲಿ ಹೋಗುವುದು ಇದರ ಉಲ್ಟಾ: ಸೋಡಿಯಂ ಜಾಸ್ತಿ, ಪೊಟ್ಯಾಸಿಯಂ ಕಡಿಮೆ. ಎರಡು ಗಂಟೆ ಕ್ರಿಕೆಟ್ ಆಡಿ ಬಂದ ಹುಡುಗನಿಗೆ ಎಳನೀರು ಕುಡಿದರೆ ಹಾಯೆನಿಸುತ್ತದೆ ನಿಜ, ಆದರೆ ಹೋದ ಉಪ್ಪು ಬರುವುದಿಲ್ಲ. ಜೊತೆಗೆ ಉಪ್ಪು ಹಾಕಿ ಬೇಯಿಸಿದ ಕಡಲೆಕಾಯಿ ಒಂದು ಹಿಡಿ ಕೊಡಿ, ಆಗ ಸರಿಹೋಗುತ್ತದೆ.

ಹಾಗಾದರೆ ಎಳನೀರು ಎಲ್ಲಿ ಗೆಲ್ಲುತ್ತದೆ? ದಾರಿಯಲ್ಲಿ. ಹೊರಗೆ ಸಿಗುವ ಪಾನೀಯಗಳಲ್ಲಿ ಇದರಷ್ಟು ಶುಚಿಯಾದದ್ದು ಇನ್ನೊಂದಿಲ್ಲ. ನೀರು ಯಾರೂ ಮುಟ್ಟದಂತೆ ಕಾಯಿಯೊಳಗೇ ಇರುತ್ತದೆ. ಮಚ್ಚು ಮತ್ತು ಸ್ಟ್ರಾ ಚೊಕ್ಕಟವಾಗಿದ್ದರೆ ಆಯಿತು. ಹೊರ ಊರಿಗೆ ಹೋದಾಗ, ನೀರಿನ ಮೇಲೆ ನಂಬಿಕೆ ಇಲ್ಲದಾಗ, ಕಣ್ಣುಮುಚ್ಚಿ ಎಳನೀರು ಕುಡಿಯಿರಿ. ಸಕ್ಕರೆಯೂ ಹಣ್ಣಿನ ಜ್ಯೂಸಿಗಿಂತ ಎಷ್ಟೋ ಕಡಿಮೆ.

ಆರಿಸುವಾಗ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ. ಸದ್ದು ಬರದಿದ್ದರೆ ಒಳಗೆ ನೀರು ತುಂಬಿದೆ ಅಂತ. ಕುಲುಕುಲು ಅಂದರೆ ಬಲಿತಿದೆ, ನೀರು ಇಳಿದಿದೆ. ಬಾಯಾರಿಕೆಗಾದರೆ "ನೀರು ಜಾಸ್ತಿ ಇರೋದು ಕೊಡಿ" ಅನ್ನಿ, ಹೊಟ್ಟೆಯೂ ಹಸಿದಿದ್ದರೆ "ಗಂಜಿ ಇರೋದು" ಅನ್ನಿ. ಮಂಗಳೂರು ಕಡೆ ಹೋದರೆ ಬೊಂಡ ಅಂತ ಕೇಳಿ, ಅಲ್ಲಿ ಸಿಗುವ ಕೆಂದಾಳಿಯನ್ನು ಬಿಡಬೇಡಿ. ಮದ್ದೂರಿನ ಎಳನೀರು ಮಾರುಕಟ್ಟೆ ಹತ್ತಿರ ಹೆದ್ದಾರಿಯಲ್ಲಿ ಹೋಗುವಾಗಲಂತೂ ನಿಲ್ಲಿಸದೆ ಮುಂದೆ ಹೋಗುವುದು ನನಗಾಗದು. ಕೆತ್ತಿದ ಮೇಲೆ ತಕ್ಷಣ ಕುಡಿಯಬೇಕು. ಬಾಟಲಿಗೆ ಹಾಕಿಸಿಕೊಂಡು ಸಂಜೆಯವರೆಗೆ ಇಡುವುದು ಬೇಡ.

ಕಿಡ್ನಿ ತೊಂದರೆ ಇರುವವರಿಗೆ ಮಾತ್ರ ಎಳನೀರು ಅಪಾಯ ತರಬಹುದು. ಅವರ ದೇಹ ಪೊಟ್ಯಾಸಿಯಂ ಹೊರಹಾಕಲಾರದು. ಅದು ರಕ್ತದಲ್ಲಿ ಏರಿದರೆ ಎದೆಬಡಿತವೇ ಏರುಪೇರಾಗುತ್ತದೆ. ಆಸ್ಪತ್ರೆಗೆ ನೋಡಲು ಹೋಗುವಾಗ ಎಳನೀರು ಹಿಡಿದುಕೊಂಡು ಹೋಗುವುದು ನಮ್ಮ ರೂಢಿ. ರೋಗಿಗೆ ಏನು ಕಾಯಿಲೆ ಅಂತ ಮೊದಲು ಕೇಳಿಕೊಳ್ಳಿ. ಬಿಪಿಯ ಕೆಲವು ಮಾತ್ರೆಗಳೂ ಪೊಟ್ಯಾಸಿಯಂ ಏರಿಸುತ್ತವೆ, ದಿನವೂ ಎಳನೀರು ಕುಡಿಯುವವರು ಡಾಕ್ಟರನ್ನು ಒಂದು ಮಾತು ಕೇಳುವುದು ಒಳ್ಳೆಯದು.

ಅಂಬಲಿ: ಕುಡಿಯುವ ಊಟ

ಇದನ್ನು ಪಾನೀಯ ಅನ್ನಬೇಕೋ ಊಟ ಅನ್ನಬೇಕೋ ಗೊತ್ತಾಗುವುದಿಲ್ಲ. ಎರಡೂ ಹೌದು. ಎರಡು ಚಮಚ ರಾಗಿಹಿಟ್ಟನ್ನು ತಣ್ಣೀರಲ್ಲಿ ಗಂಟಿಲ್ಲದಂತೆ ಕಲಸಿ, ಕುದಿಯುವ ನೀರಿಗೆ ಹಾಕಿ ಐದಾರು ನಿಮಿಷ ಕೈಯಾಡಿಸಬೇಕು. ಆರಿದ ಮೇಲೆ ಮಜ್ಜಿಗೆ, ಉಪ್ಪು, ಸಣ್ಣಗೆ ಹೆಚ್ಚಿದ ಈರುಳ್ಳಿ. ಕಲ್ಯಾಣ ಕರ್ನಾಟಕದಲ್ಲಿ ಜೋಳದ ಅಂಬಲಿ ಮಾಡುತ್ತಾರೆ. ಅದರ ರುಚಿಯೇ ಬೇರೆ, ಒಂದು ರೀತಿಯ ಮಣ್ಣಿನ ಸಿಹಿ.

100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಆದರೆ ಒಂದು ಲೋಟ ಅಂಬಲಿಗೆ ಬೀಳುವ ಹಿಟ್ಟು 20 ಗ್ರಾಂ. ಅಂದರೆ ಸಿಗುವುದು 70 ಮಿಲಿಗ್ರಾಂ. ಜೊತೆಗೆ ಮಜ್ಜಿಗೆಯದ್ದು ಸ್ವಲ್ಪ. ಅಂಬಲಿ ಕುಡಿದರೆ ಮೂಳೆ ಕಬ್ಬಿಣವಾಗುತ್ತದೆ ಅನ್ನುವವರು ಈ ಲೆಕ್ಕ ನೋಡಬೇಕು. ಅದರ ನಿಜವಾದ ಗುಣ ಬೇರೆ. ಶಕ್ತಿ, ನೀರು, ಉಪ್ಪು ಮೂರನ್ನೂ ಒಟ್ಟಿಗೆ ಕೊಡುತ್ತದೆ, ಹಸಿವನ್ನು ಮಧ್ಯಾಹ್ನದವರೆಗೆ ತಡೆಯುತ್ತದೆ. ಬೆಳಿಗ್ಗೆ ಏಳೆಂಟು ಗಂಟೆಗೆ, ಕೆಲಸಕ್ಕೆ ಇಳಿಯುವ ಮೊದಲು ಇದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ. ಆದರೆ ಬಿಸಿಲಲ್ಲಿ ಗಂಟಲು ಒಣಗಿದಾಗ ಅಂಬಲಿ ಬೇಡ. ಆ ಹೊತ್ತಿಗೆ ಅದು ಗಟ್ಟಿ ಅನ್ನಿಸುತ್ತದೆ.

ಸಿಹಿ ಕುಡಿಯುವವರಿಗೆ

ರಾಮನವಮಿಯ ಪಾನಕ ಯಾರಿಗೆ ಇಷ್ಟವಿಲ್ಲ? ಬೆಲ್ಲ, ನಿಂಬೆ, ಒಣಶುಂಠಿ, ಏಲಕ್ಕಿ, ಒಂದೆರಡು ಕಾಳುಮೆಣಸು. ಕೆಲವರ ಮನೆಯಲ್ಲಿ ಬೇಲದ ಹಣ್ಣು, ಇಲ್ಲವೇ ಕರಬೂಜ. ಹಬ್ಬದ ದಿನ ಅಳತೆ ಕೇಳಬೇಡಿ, ಸುಮ್ನೆ ಕುಡಿಯಿರಿ. ಆದರೆ ದಿನವೂ ಮಾಡುವುದಾದರೆ ಬೆಲ್ಲ ಇಳಿಸಬೇಕು. ಲೀಟರಿಗೆ ನೂರು ಗ್ರಾಂ ಬೆಲ್ಲ ಹಾಕಿದರೆ ಅದರ ಸಿಹಿ ಕೋಲಾದ ಹತ್ತಿರ ಹೋಗುತ್ತದೆ. ನಮ್ಮಲ್ಲಿ ಈಗ ನಲವತ್ತು ಗ್ರಾಂ ಹಾಕಿ, ಕಾಲು ಚಮಚ ಉಪ್ಪು ಸೇರಿಸುತ್ತೇವೆ. ಮೊದಲ ದಿನ ಸಪ್ಪೆ ಅನ್ನಿಸಿತು, ವಾರದಲ್ಲಿ ನಾಲಗೆ ಒಗ್ಗಿತು. ಬೆಲ್ಲ ಅಂದ ಮಾತ್ರಕ್ಕೆ ಶುಗರ್ ಇರುವವರಿಗೆ ವಿನಾಯಿತಿ ಇಲ್ಲ, ಅದೂ ಸಕ್ಕರೆಯೇ.

ನಿಂಬೆಹಣ್ಣಿನ ಶರಬತ್ತು ಇನ್ನೂ ಸುಲಭ. ಉಪ್ಪು, ಸಕ್ಕರೆ ಎರಡೂ ಹಾಕಿ ತೆಳುವಾಗಿ ಮಾಡಿದರೆ ಆಟ ಆಡಿ ಬಂದ ಮಕ್ಕಳಿಗೆ ಅಂಗಡಿಯ ಸ್ಪೋರ್ಟ್ಸ್ ಡ್ರಿಂಕಿನ ಕೆಲಸವನ್ನೇ ಮಾಡುತ್ತದೆ. ಆ ಬಣ್ಣದ ಬಾಟಲಿಯಲ್ಲಿರುವುದೂ ಸುಮಾರು ಶೇ 6 ಸಕ್ಕರೆ, ಸ್ವಲ್ಪ ಉಪ್ಪು.

ಕಬ್ಬಿನ ಹಾಲಿನ ವಿಷಯಕ್ಕೆ ಬಂದರೆ ಮನಸ್ಸಿಗೆ ಬೇಜಾರಾಗುತ್ತದೆ, ಯಾಕೆಂದರೆ ನನಗದು ಬಹಳ ಇಷ್ಟ. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯ ಪ್ರಕಾರ 100 ಮಿಲಿ ಕಬ್ಬಿನ ಹಾಲಿನಲ್ಲಿ 13ರಿಂದ 15 ಗ್ರಾಂ ಸಕ್ಕರೆ ಇದೆ. ಕೋಲಾದಲ್ಲಿ ಅದು 10–11 ಗ್ರಾಂ. ಹೌದು, ಕೋಲಾಕ್ಕಿಂತ ಜಾಸ್ತಿ! 200 ಮಿಲಿಯ ಒಂದು ಲೋಟ ಕುಡಿದರೆ 26ರಿಂದ 30 ಗ್ರಾಂ. ದಿನಕ್ಕೆ 25 ಗ್ರಾಂ ಒಳಗಿದ್ದರೆ ಒಳ್ಳೆಯದು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ತಿಂಗಳಿಗೊಮ್ಮೆ, ಶುಂಠಿ ನಿಂಬೆ ಹಾಕಿಸಿ, ಐಸ್ ಬೇಡ ಅಂದು ಕುಡಿಯಿರಿ. ದಾಹಕ್ಕೆ ಅಂತ ದಿನವೂ ಬೇಡ. ಐಸ್ ಯಾಕೆ ಬೇಡ ಅಂದರೆ, ಅದು ಯಾವ ನೀರಿನದು ಅಂತ ಗಾಡಿಯವರಿಗೂ ಗೊತ್ತಿರುವುದಿಲ್ಲ.

ಮುರುಗಲು ಮತ್ತು ಅಪ್ಪೆಹುಳಿ

ಹೆಂಡತಿಯ ಕಡೆಯದ್ದನ್ನು ಬಿಟ್ಟರೆ ಮನೆಯಲ್ಲಿ ನ್ಯಾಯ ಆಗುವುದಿಲ್ಲ. ಮಂಗಳೂರಲ್ಲಿ ಪುನರ್ಪುಳಿ ಅನ್ನುವುದನ್ನೇ ಶಿರಸಿಯಲ್ಲಿ ಮುರುಗಲು ಅನ್ನುತ್ತಾರೆ. ಏಪ್ರಿಲ್, ಮೇ ತಿಂಗಳಲ್ಲಿ ಹಣ್ಣಾಗುತ್ತದೆ. ಇದರಲ್ಲಿ ಎರಡು ದಾರಿ. ಸಕ್ಕರೆ ತುಂಬಿ ಬಿಸಿಲಲ್ಲಿಟ್ಟು ಮಾಡಿದ ಪಾಕ, ಇಲ್ಲವೇ ಒಣಸಿಪ್ಪೆ. ಪಾಕ ಚಂದ, ಆದರೆ ಪೂರ್ತಿ ಸಕ್ಕರೆ. ಒಣಸಿಪ್ಪೆಯನ್ನು ನೀರಲ್ಲಿ ನೆನೆಸಿ, ಹಿಂಡಿ, ಉಪ್ಪು ಜೀರಿಗೆ ಹಾಕಿದರೆ ಕೆಂಪು ಬಣ್ಣದ ಹುಳಿ ನೀರು ಸಿಗುತ್ತದೆ. ಊಟದ ಜೊತೆ ನನ್ನ ಆಯ್ಕೆ ಅದೇ.

ಅಪ್ಪೆಹುಳಿ ನನಗೆ ಮದುವೆಯಾದ ಮೇಲೆ ಸಿಕ್ಕ ಭಾಗ್ಯ. ಮಾವಿನಕಾಯಿ ಬೇಯಿಸಿ ಹಿಂಡಿ, ಬೇಕಾದಷ್ಟು ನೀರು ಬೆರೆಸಿ, ಉಪ್ಪು ಹಾಕಿ, ಸಾಸಿವೆ, ಇಂಗು, ಒಣಮೆಣಸಿನ ಒಗ್ಗರಣೆ ಕೊಡುತ್ತಾರೆ. ಊಟದ ಕೊನೆಗೆ ಲೋಟಗಟ್ಟಲೆ ಕುಡಿಯುತ್ತಾರೆ. ಕುಡಿದರೆ ಒಳ್ಳೆಯ ನಿದ್ದೆ ಬರುತ್ತದೆ ಅನ್ನುತ್ತಾರೆ, ನನಗಂತೂ ಬಂದಿದೆ. ಸಕ್ಕರೆ ಇಲ್ಲ, ನೀರು ಮತ್ತು ಉಪ್ಪು ಸಾಕಷ್ಟಿದೆ. ಹಾಲು ಮಜ್ಜಿಗೆ ಮುಟ್ಟದವರು ಇದ್ದರೆ ಅವರಿಗೆ ಮಜ್ಜಿಗೆಯ ಜಾಗದಲ್ಲಿ ಇದನ್ನೇ ಕೊಡಬಹುದು.

ಓಆರ್‌ಎಸ್ ಮದ್ದು, ಜ್ಯೂಸ್ ಅಲ್ಲ

ಮೂರು ವರ್ಷದ ಹಿಂದೆ ನನ್ನ ತಂಗಿಯ ಮಗಳಿಗೆ ವಾಂತಿ ಭೇದಿ ಶುರುವಾಯಿತು. ಔಷಧಿ ಅಂಗಡಿಯಲ್ಲಿ ಓಆರ್‌ಎಸ್ ಕೇಳಿದರೆ ಸೇಬಿನ ರುಚಿಯ ಸಣ್ಣ ಪೊಟ್ಟಣ, ಸ್ಟ್ರಾ ಸಮೇತ ಕೊಟ್ಟರು. ಮಗು ಖುಷಿಯಿಂದ ಕುಡಿಯಿತು, ಭೇದಿ ಇನ್ನೂ ಜಾಸ್ತಿಯಾಯಿತು. ಡಾಕ್ಟರು ಪೊಟ್ಟಣ ತಿರುಗಿಸಿ ನೋಡಿ, "ಇದರಲ್ಲಿ ಸಕ್ಕರೆಯೇ ತುಂಬಿದೆ, ಇದು ಓಆರ್‌ಎಸ್ ಅಲ್ಲ" ಅಂದರು. ಆ ರಾತ್ರಿ ತಂಗಿ ಅತ್ತದ್ದು ನನಗೆ ಇನ್ನೂ ಮರೆತಿಲ್ಲ. 2025ರ ಅಕ್ಟೋಬರ್‌ನಲ್ಲಿ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಇಂಥ ಸಿಹಿ ಪಾನೀಯಗಳು ಹೆಸರಿನಲ್ಲಿ ಓಆರ್‌ಎಸ್ ಅನ್ನುವ ಪದ ಬಳಸಬಾರದು ಅಂತ ಆದೇಶ ಹೊರಡಿಸಿತು. ಹೈದರಾಬಾದಿನ ಮಕ್ಕಳ ವೈದ್ಯೆ ಡಾ. ಶಿವರಂಜನಿ ಸಂತೋಷ್ ವರ್ಷಗಟ್ಟಲೆ ಇದಕ್ಕಾಗಿ ಹೋರಾಡಿದ್ದರು.

ನಿಜವಾದ ಓಆರ್‌ಎಸ್ ಲೆಕ್ಕ ಹೀಗಿದೆ. ಒಂದು ಲೀಟರ್ ನೀರಿಗೆ 2.6 ಗ್ರಾಂ ಉಪ್ಪು, 13.5 ಗ್ರಾಂ ಗ್ಲೂಕೋಸ್, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್, 2.9 ಗ್ರಾಂ ಟ್ರೈಸೋಡಿಯಂ ಸಿಟ್ರೇಟ್. ಒಟ್ಟು 20.5 ಗ್ರಾಂ. ಪೊಟ್ಟಣದ ಮೇಲೆ ಈ ಅಂಕಿಗಳಿವೆಯಾ ನೋಡಿ ತೆಗೆದುಕೊಳ್ಳಿ. ಇಡೀ ಪೊಟ್ಟಣವನ್ನು ಒಮ್ಮೆಗೇ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಹಾಕಬೇಕು. ಸ್ವಲ್ಪ ಸ್ವಲ್ಪ ಪುಡಿಯನ್ನು ಲೋಟಕ್ಕೆ ಬೆರೆಸಿದರೆ ಅಳತೆ ತಪ್ಪುತ್ತದೆ. 24 ಗಂಟೆ ಆದ ಮೇಲೆ ಉಳಿದದ್ದು ಚೆಲ್ಲಬೇಕು. ಪೊಟ್ಟಣ ಸಿಗದಿದ್ದರೆ ಲೀಟರ್ ನೀರಿಗೆ ತಲೆತಟ್ಟಿದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು.

ಇಷ್ಟು ಸಣ್ಣ ಪುಡಿಗೆ ಎಂಥ ಶಕ್ತಿ ಇದೆ ಅನ್ನುವುದಕ್ಕೆ 1971ರ ಬಾಂಗ್ಲಾ ಯುದ್ಧದ ಹೊತ್ತಿನ ಒಂದು ಘಟನೆ ಸಾಕು. ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿತ್ತು, ಸಲೈನ್ ಮುಗಿಯುತ್ತಾ ಬಂದಿತ್ತು. ಡಾ. ದಿಲೀಪ್ ಮಹಾಲನಬಿಸ್ ಉಪ್ಪು, ಗ್ಲೂಕೋಸ್, ಅಡುಗೆ ಸೋಡಾ ಬೆರೆಸಿದ ನೀರನ್ನೇ ರೋಗಿಗಳಿಗೆ ಕುಡಿಸಿದರು. ಸಾವಿನ ಪ್ರಮಾಣ ಶೇ 30ರ ಆಸುಪಾಸಿನಿಂದ ಶೇ 4ಕ್ಕಿಂತ ಕೆಳಗೆ ಇಳಿಯಿತು. ಅವರು ತೀರಿಕೊಂಡ ಮೇಲೆ 2023ರಲ್ಲಿ ಪದ್ಮವಿಭೂಷಣ ಬಂತು.

ಆದರೆ ಬಿಸಿಲು ಜಾಸ್ತಿ ಅಂತ ಆಫೀಸಿನಲ್ಲಿ ಕೂತು ದಿನವೂ ಓಆರ್‌ಎಸ್ ಕುಡಿಯುವುದು ಬೇಡ. ಬಿಪಿ ಇರುವವರಿಗಂತೂ ಅಷ್ಟು ಉಪ್ಪು ಒಳ್ಳೆಯದಲ್ಲ.

ಯಾರಿಗೆ ಯಾವುದು

ನಮ್ಮ ಮನೆಯಲ್ಲಿ ಈಗ ಹೀಗೆ ನಡೆಯುತ್ತದೆ. ಬೆಳಿಗ್ಗೆ ನನಗೆ ಅಂಬಲಿ. ಮಧ್ಯಾಹ್ನ ಎಲ್ಲರಿಗೂ ಮಜ್ಜಿಗೆ ಅಥವಾ ಮುರುಗಲು ನೀರು, ಅಮ್ಮನಿಗೆ ಬಿಪಿ ಇರುವುದರಿಂದ ಅವರ ಲೋಟಕ್ಕೆ ಉಪ್ಪಿಲ್ಲ. ಮಗ ಆಟದಿಂದ ಬಂದರೆ ಉಪ್ಪು ಹಾಕಿದ ನಿಂಬೆ ಶರಬತ್ತು. ಪ್ರಯಾಣದಲ್ಲಿ ಎಳನೀರು. ಉಳಿದ ಹೊತ್ತೆಲ್ಲ ಮಡಕೆ ನೀರು, ಅದಕ್ಕೆ ಒಂದು ಹಿಡಿ ಲಾವಂಚದ ಬೇರು. ಮೂತ್ರದ ಬಣ್ಣ ತಿಳಿಹಳದಿ ಇದ್ದರೆ ಕುಡಿದದ್ದು ಸಾಕು ಅಂತ, ಗಾಢವಾದರೆ ಇನ್ನೂ ಬೇಕು ಅಂತ. ವಯಸ್ಸಾದವರಿಗೆ ಬಾಯಾರಿಕೆಯೇ ಸರಿಯಾಗಿ ಗೊತ್ತಾಗುವುದಿಲ್ಲ. ಅವರು ಕೇಳುವವರೆಗೆ ಕಾಯದೆ ಎರಡು ಗಂಟೆಗೊಮ್ಮೆ ಲೋಟ ಕೈಗೆ ಕೊಡಬೇಕು.

ಬಿಸಿಲಲ್ಲಿ ಯಾರಾದರೂ ಕುಸಿದು, ಮೈ ಕೆಂಡದಂತೆ ಸುಡುತ್ತಾ, ಮಾತು ತೊದಲುತ್ತಿದ್ದರೆ ಈ ಯಾವ ಪಾನೀಯವೂ ಬೇಡ. ಪ್ರಜ್ಞೆ ಸರಿಯಿಲ್ಲದವರ ಬಾಯಿಗೆ ನೀರು ಹಾಕಿದರೆ ಶ್ವಾಸಕೋಶಕ್ಕೆ ಹೋಗಬಹುದು. ನೆರಳಿಗೆ ಎತ್ತಿ, ಮೈಮೇಲೆ ನೀರು ಹಾಕಿ, ಗಾಳಿ ಬೀಸಿ, 108ಕ್ಕೆ ಫೋನ್ ಮಾಡಿ.

ಈ ಬೇಸಿಗೆಯಲ್ಲಿ ನಿಮ್ಮ ಬೀದಿಯಲ್ಲಿ ಅರವಟ್ಟಿಗೆ ಇಡುವ ಯೋಚನೆ ಇದ್ದರೆ ಮಜ್ಜಿಗೆಯನ್ನೇ ಇಡಿ. ಹಳೆಯ ಶಾಸನಗಳಲ್ಲಿ ಅರವಂಟಿಗೆ ಅಂತ ಬರುವ ಕೆಲಸ ಇದೇ. ಅಲ್ಲಿಗೆ ಬರುವವರು ಗಾಡಿ ತಳ್ಳುವವರು, ಡೆಲಿವರಿ ಹುಡುಗರು, ಕಸ ಗುಡಿಸುವ ಅಕ್ಕಂದಿರು. ಅವರೆಲ್ಲ ಬೆವರಿ ಬಂದಿರುತ್ತಾರೆ, ಉಪ್ಪಿಗೆ ಹಿಂದೆಮುಂದೆ ನೋಡಬೇಡಿ. ಉಪ್ಪಿಲ್ಲದ್ದು ಇನ್ನೊಂದು ಸಣ್ಣ ಪಾತ್ರೆಯಲ್ಲಿ ಬೇರೆ ಇಡಿ. ನೀರನ್ನು ಹಿಂದಿನ ರಾತ್ರಿಯೇ ಕುದಿಸಿ ಆರಿಸಿ. ಐಸನ್ನು ಮಜ್ಜಿಗೆಗೆ ಹಾಕದೆ ಪಾತ್ರೆಯ ಸುತ್ತ ಇಡಿ. ಒಂದೇ ಸಲ ಎಲ್ಲ ಕಲಸದೆ ಗಂಟೆಗೊಮ್ಮೆ ಹೊಸದಾಗಿ ಕಲಸಿದರೆ ಸಂಜೆ ನಾಲ್ಕಕ್ಕೆ ಬಂದವರಿಗೂ ಹುಳಿಯಾಗದ ಮಜ್ಜಿಗೆ ಸಿಗುತ್ತದೆ.